ಗಂಟೆ ಕರಗಿತು, ಮೂಸೆ ಉಳಿಯಿತು



ಕಂಚಿನ ಎರಕದ ವಿಚಾರ ಸಂಕಿರಣ ಎಂದಕೂಡಲೇ ಕಣ್ಣು ದೇವರ ಮೂರ್ತಿಯತ್ತ ಹೊರಳುತ್ತದೆ. ನಾನು ನಿಮ್ಮನ್ನು ತಿಪ್ಪೆಯತ್ತ, ಎರಕದವರು ಎಸೆದ ಮಣ್ಣಿನ ಚೂರುಗಳತ್ತ ಕರೆಯಲು ಬಂದಿದ್ದೇನೆ.

ಕಂಚು ಹಳತಾಗುವ ಮುಂಚೆ ಕರಗಿ ಹೊಸದಾಗುತ್ತದೆ. ಸೀಳಿದ ಗಂಟೆ, ಅಂಚು ಮುಕ್ಕಾದ ಜಾಗಟೆ, ಅಜ್ಜಿಯ ಗಂಗಾಳ, ಎಲ್ಲವೂ ಮರಳಿ ಮೂಸೆಗೆ. ವಿಜಯಪುರದ ಮಲಿಕ್-ಎ-ಮೈದಾನ್ ತೋಪನ್ನೇ ನೋಡಿ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು. ತೂಕ ಸುಮಾರು 55 ಟನ್. ಅದರಲ್ಲಿ ಹೆಚ್ಚುಕಡಿಮೆ ಐದರಲ್ಲೊಂದು ಪಾಲು ತವರ. ಅದು ಗಂಟೆಯ ಪಾಕ; ತಟ್ಟಿದರೆ ತೋಪು ಗಂಟೆಯಂತೆ ನುಡಿಯುತ್ತದೆ. ತವರ ಏರಿದಂತೆ ನಾದ ಏರುತ್ತದೆ, ಬಿರಿಯುವ ಭಯವೂ ಏರುತ್ತದೆ. ಮೂರ್ತಿಗೆ ತವರ ಕಡಿಮೆ ಹಾಕುವುದು ಅದಕ್ಕೇ. ಇಂಥ ತೋಪನ್ನೂ 1854ರಲ್ಲಿ ಹರಾಜಿಗಿಟ್ಟರು. ಬಂದ ಕೂಗು 150 ರೂಪಾಯಿ! ಅಧಿಕಾರಿಯೊಬ್ಬರು ತಡೆದದ್ದರಿಂದ ಉಳಿಯಿತು. ತೋಪಿನ ಗತಿಯೇ ಹೀಗಾದರೆ ಹಳ್ಳಿಗುಡಿಯ ಗಂಟೆಯನ್ನು ಕೇಳುವವರಾರು?

ಉಳಿಯುವುದು ಅಚ್ಚಿನ, ಮೂಸೆಯ ಮಣ್ಣು. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲೇ ‘ಮಾನಸೋಲ್ಲಾಸ’ದಲ್ಲಿ ಮೇಣದ ಎರಕವನ್ನು ವಿವರಿಸಿದ್ದಾನೆ. ಮೇಣದ ರೂಪಕ್ಕೆ ಸುಟ್ಟ ಹೊಟ್ಟು, ಹತ್ತಿ, ಉಪ್ಪು ಬೆರೆಸಿ ಅರೆದ ಮಣ್ಣಿನ ಲೇಪ; ನೆರಳಲ್ಲಿ ಒಣಗಿದ ಮೇಲೆ ಮತ್ತೊಂದು. ಕಾಸಿದಾಗ ಮೇಣ ಹರಿದು ಹೋದ ಟೊಳ್ಳಿಗೆ ಲೋಹ. ಬೆಳ್ಳಿಯಾದರೆ ಮೇಣದ 12 ಪಟ್ಟು, ಚಿನ್ನವಾದರೆ 16 ಪಟ್ಟು ತೂಕ ಬೇಕು ಎಂಬ ಲೆಕ್ಕವೂ ಅಲ್ಲಿದೆ. ಅರಸ ಸ್ವತಃ ತಿದಿ ಒತ್ತಿರಲಿಕ್ಕಿಲ್ಲ. ಕುಲುಮೆಯವರ ಬಾಯಿಂದ ಕೇಳಿಯೇ ಬರೆದಿರಬೇಕು.

ಈ ವಿಧಾನದಲ್ಲಿ ಅಚ್ಚು ಒಡೆಯದೆ ಗಂಟೆ ಕೈಗೆ ಬಾರದು. ಒಡೆದ ಅಚ್ಚಿನ ಒಳಮೈ ನುಣುಪು, ಹೊರಮೈ ಒರಟು. ಮೂಸೆಯ ಚೂರಿನ ಮೈ ಗಾಜಿನಂತೆ ಕರಗಿರುತ್ತದೆ, ಒಳಗೆ ಹಸಿರು ಕಿಲುಬಿನ ಸಣ್ಣ ಮಣಿಗಳು ಕಚ್ಚಿರುತ್ತವೆ. ಕಣ್ಣು ಪಳಗಿರದಿದ್ದರೆ ಇವೆಲ್ಲ ಮಡಕೆ ಚೂರಿನ ರಾಶಿಗೆ ಸೇರಿಬಿಡುತ್ತವೆ. ಯುರೋಪಿನಲ್ಲಿ ಚರ್ಚುಗಳ ನೆಲ ಅಗೆದಾಗ ಗಂಟೆ ಎರಕದ ಗುಂಡಿಗಳೇ ಸಿಕ್ಕಿವೆ. ಭಾರದ ಗಂಟೆ ಹೊರುವ ಬದಲು ಎರಕದವರೇ ಊರೂರಿಗೆ ಹೋಗುತ್ತಿದ್ದರು. ನಮ್ಮ ಗುಡಿಗಳ ಹಿತ್ತಿಲನ್ನೂ ಆ ಕಣ್ಣಿನಿಂದ ನೋಡಬೇಕು.

ಎಲ್ಲಿಂದ ಶುರು ಮಾಡೋಣ? ನಾವು ಸೇರಿರುವ ಹೊಸರಿತ್ತಿಯ ಇದೇ ಹಾವೇರಿ ತಾಲ್ಲೂಕಿನಲ್ಲಿ, ತುಂಗಭದ್ರೆಯ ದಂಡೆಗೆ ಕಂಚಾರಗಟ್ಟಿ ಇದೆ. ಹಾವೇರಿ ಪೇಟೆಯವರಿಗೆ ಆ ಹೆಸರು ಗೊತ್ತಿರುವುದು ಅಲ್ಲಿಂದ ಬರುವ ಕುಡಿಯುವ ನೀರಿನಿಂದ. ‘ಕಂಚಾರ’ ಎಂದರೆ ಕಂಚುಗಾರ. ಊರ ಹೆಸರು ಸಾಕ್ಷಿಯಲ್ಲ, ಒಪ್ಪುತ್ತೇನೆ. ಆದರೆ ಹುಡುಕುವವನಿಗೆ ಇದಕ್ಕಿಂತ ಒಳ್ಳೆಯ ಸುಳಿವು ಬೇಕೆ?

ವಿದ್ವಾಂಸರ ಪ್ರಬಂಧಗಳನ್ನು ಮಧ್ಯಾಹ್ನ ಕೇಳುತ್ತೇವೆ. ಊರಿನವರಲ್ಲಿ ನನ್ನದೊಂದು ಬೇಡಿಕೆ. ಗುಡಿಯ ಸೀಳುಗಂಟೆಯನ್ನೋ ಹೋರಿಯ ಕೊರಳ ಹಳೆಯ ಗಂಟೆಯನ್ನೋ ಗುಜರಿಗೆ ಹಾಕುವ ಮುಂಚೆ ತೂಗಿ, ಅಳೆದು, ಮೇಲೆ ಬರಹವಿದ್ದರೆ ಫೋಟೊ ತೆಗೆದಿಡಿ. ಉಳುವಾಗ ಹಸಿರು ಹತ್ತಿದ ಸುಟ್ಟ ಮಣ್ಣಿನ ಚೂರು ಸಿಕ್ಕರೆ ಬದುವಿಗೆ ಎಸೆಯಬೇಡಿ. ಯಾವ ಹೊಲದ್ದೆಂದು ಚೀಟಿ ಬರೆದು ನಮಗೆ ತಂದುಕೊಡಿ.