ಗೊರಕೆಯ ನಡುವೆ ಉಸಿರು ನಿಂತರೆ

(ಗ್ರಾಮದ ಆರೋಗ್ಯ ಸಭೆಯಲ್ಲಿ ವೈದ್ಯಾಧಿಕಾರಿಗಳು ಮಾಡಿದ ಭಾಷಣ)



ಯಾರಾದರೂ ಗಟ್ಟಿಯಾಗಿ ಗೊರಕೆ ಹೊಡೆದರೆ "ದುಡಿದ ಮೈ, ಒಳ್ಳೆಯ ನಿದ್ದೆ" ಎನ್ನುವುದು ನಮ್ಮ ವಾಡಿಕೆ. ಎಲ್ಲ ಗೊರಕೆಯೂ ರೋಗವಲ್ಲ, ನಿಜ. ಆದರೆ ಗೊರಕೆ ತಟ್ಟನೆ ನಿಂತು, ಸ್ವಲ್ಪ ಹೊತ್ತು ಉಸಿರೇ ಆಡದೆ, ಅನಂತರ ಏದುಸಿರಿನೊಡನೆ ಮತ್ತೆ ಮೊದಲಾಗುತ್ತಿದ್ದರೆ ಅದು ಸುಖನಿದ್ರೆಯಲ್ಲ. ವೈದ್ಯರು ಇದನ್ನು ಸ್ಲೀಪ್ ಅಪ್ನಿಯ ಎನ್ನುತ್ತಾರೆ.

ಒಬ್ಬ ರೈತರು ರಕ್ತದೊತ್ತಡದ ಮಾತ್ರೆಗೆಂದು ನನ್ನ ಬಳಿ ಬಂದರು. ಜೊತೆಗಿದ್ದ ಮನೆಯಾಕೆ, "ಡಾಕ್ಟ್ರೇ, ಕಬ್ಬು ಹೇರಿದ ಟ್ರ್ಯಾಕ್ಟರ್ ಮೇಲೂ ಇವರು ತೂಕಡಿಸುತ್ತಾರೆ. ರಾತ್ರಿ ಉಸಿರು ನಿಂತಾಗ ನಾನೇ ಅಲುಗಿಸಿ ಎಬ್ಬಿಸುತ್ತೇನೆ" ಎಂದರು. ರೋಗ ತಿಳಿದದ್ದು ಆ ತಾಯಿಯ ಮಾತಿನಿಂದ. ರೋಗಿಗೆ ಅನೇಕ ವೇಳೆ ಇದರ ಅರಿವೇ ಇರುವುದಿಲ್ಲ.

ಇದು ಹೇಗೆ ಆಗುತ್ತದೆ? ಪಂಪಿಗೆ ನೀರೆಳೆಯುವ ಕಡೆ ಮೆತ್ತನೆಯ ಪೈಪು ಹಾಕಿದರೆ ಎಳೆತಕ್ಕೆ ಅದು ಚಪ್ಪಟೆಯಾಗಿ ನೀರು ನಿಲ್ಲುತ್ತದಲ್ಲವೇ? ನಿದ್ರೆಯಲ್ಲಿ ಗಂಟಲಿನ ಸ್ನಾಯು ಸಡಿಲಾಗಿ, ನಾಲಗೆ ಹಿಂದಕ್ಕೆ ಸರಿದು, ಉಸಿರಿನ ದಾರಿಯೂ ಹಾಗೆಯೇ ಮುಚ್ಚುತ್ತದೆ. ಕೊಬ್ಬಿದ ಕುತ್ತಿಗೆಯವರಿಗೆ ಇದು ಹೆಚ್ಚು. ದವಡೆ ಚಿಕ್ಕದಾದ ತೆಳ್ಳನೆಯವರಿಗೂ ಬರಬಹುದು. ಹಗಲು ತೂಕಡಿಕೆ, ಬೆಳಗಿನ ತಲೆನೋವು, ಏರಿದ ರಕ್ತದೊತ್ತಡ ಇದರ ಗುರುತುಗಳು. ಅಲಕ್ಷಿಸಿದರೆ ಹೃದ್ರೋಗ, ಲಕ್ವಗಳ ಭಯವೂ ಹೆಚ್ಚುತ್ತದೆ.

ಮೊದಲು ಪರೀಕ್ಷೆಯಾಗಬೇಕು. ಮಲಗಿರುವಾಗ ಒಂದು ರಾತ್ರಿ ಉಸಿರನ್ನೂ ರಕ್ತದ ಆಮ್ಲಜನಕವನ್ನೂ ಯಂತ್ರದಿಂದ ಅಳೆಯುತ್ತಾರೆ. ಉಸಿರು 10 ಸೆಕೆಂಡು ಅಥವಾ ಹೆಚ್ಚು ಹೊತ್ತು ನಿಲ್ಲುವುದು ಇಲ್ಲವೆ ತೀರ ಕುಗ್ಗುವುದು ಗಂಟೆಗೆ 5ರಿಂದ 15 ಸಲವಾದರೆ ರೋಗ ಸೌಮ್ಯ. 30 ದಾಟಿದರೆ ತೀವ್ರ. ಚಿಕಿತ್ಸೆ ಈ ಲೆಕ್ಕದ ಮೇಲೆ ನಿಲ್ಲುತ್ತದೆ.

ಖರ್ಚಿಲ್ಲದ ಉಪಾಯಗಳು ಎಲ್ಲರಿಗೂ ಸಲ್ಲುತ್ತವೆ: ಮೈತೂಕ ಇಳಿಸುವುದು, ಅಂಗಾತ ಮಲಗದೆ ಮಗ್ಗುಲಾಗಿ ಮಲಗುವುದು, ಮದ್ಯ ಬಿಡುವುದು, ವೈದ್ಯರನ್ನು ಕೇಳದೆ ನಿದ್ದೆಮಾತ್ರೆ ನುಂಗದಿರುವುದು.

ರೋಗ ಬಲವಾಗಿದ್ದರೆ ಮುಖ್ಯ ಚಿಕಿತ್ಸೆ ಸಿಪ್ಯಾಪ್ ಯಂತ್ರ. ಆಸ್ಟ್ರೇಲಿಯದ ಕಾಲಿನ್ ಸಲಿವನ್ ಎಂಬ ವೈದ್ಯರು 1981ರಲ್ಲಿ ಇದನ್ನು ಲೋಕಕ್ಕೆ ತಿಳಿಸಿದರು. ನೀರು ಹೊರಬಿಡುವ ಮೆತ್ತನೆಯ ಪೈಪು ನೀರಿನ ಒತ್ತಡಕ್ಕೆ ಉಬ್ಬಿ ನಿಲ್ಲುವುದನ್ನು ನೀವು ಕಂಡಿದ್ದೀರಿ. ಮೂಗಿಗೆ ಕಟ್ಟಿದ ಮುಖವಾಡದ ಮೂಲಕ ಈ ಯಂತ್ರ ಕೊಡುವ ಗಾಳಿಯ ಒತ್ತಡ ಗಂಟಲನ್ನು ಹಾಗೆಯೇ ತೆರೆದಿಡುತ್ತದೆ. ಇದು ರೋಗವನ್ನು ಬುಡಸಹಿತ ಕೀಳುವುದಿಲ್ಲ. ಹಾಕಿಕೊಂಡ ರಾತ್ರಿ ಮಾತ್ರ ಗುಣ. ಮೊದಲ ವಾರಗಳಲ್ಲಿ ಮೂಗು ಒಣಗುವುದು, ಕಿರಿಕಿರಿಯಾಗುವುದು ಉಂಟು. ಅದಕ್ಕಾಗಿ ಮೂಲೆಗೆ ಎಸೆಯದೆ, ಮುಖವಾಡ ಸರಿಪಡಿಸಿಕೊಳ್ಳಿ. ದಿನವೂ ಸೋಪಿನ ನೀರಿನಲ್ಲಿ ತೊಳೆಯಿರಿ. ವಿದ್ಯುತ್ ಕೈಕೊಡುವ ಊರಿನಲ್ಲಿ ಬ್ಯಾಟರಿಯ ಏರ್ಪಾಡನ್ನೂ ವಿಚಾರಿಸಿ.

ಯಂತ್ರ ಒಗ್ಗದವರಿಗೆ, ರೋಗ ಅಷ್ಟು ತೀವ್ರವಲ್ಲದಿದ್ದರೆ, ಕೆಳದವಡೆಯನ್ನು ಮುಂದಕ್ಕೆ ಹಿಡಿಯುವ ಸಾಧನವನ್ನು ದಂತವೈದ್ಯರು ಮಾಡಿಕೊಡುತ್ತಾರೆ. ಟಾನ್ಸಿಲ್ ದಪ್ಪಗಾಗಿ ಗೊರಕೆ ಹೊಡೆಯುವ ಮಕ್ಕಳಿಗೆ ಶಸ್ತ್ರಚಿಕಿತ್ಸೆಯಿಂದ ಬಹುಮಟ್ಟಿಗೆ ಗುಣವಾಗುತ್ತದೆ. ದೊಡ್ಡವರಿಗೆ ಅದು ಆಯ್ದ ಸಂದರ್ಭಗಳಲ್ಲಿ ಮಾತ್ರ. ಬೊಜ್ಜಿನ ಜೊತೆಗೆ ಈ ರೋಗವೂ ಬಲವಾಗಿರುವವರಿಗೆ ಟಿರ್ಜೆಪಟೈಡ್ ಎಂಬ ಚುಚ್ಚುಮದ್ದನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2024ರ ಡಿಸೆಂಬರಿನಲ್ಲಿ ಒಪ್ಪಿದೆ. ಅದನ್ನು ವೈದ್ಯರ ಸಲಹೆಯಿಲ್ಲದೆ ಬಳಸಬಾರದು.

ತಾಯಂದಿರೇ, ಇಂದು ರಾತ್ರಿ ಮನೆಯವರ ಉಸಿರಿಗೆ ಕಿವಿಗೊಡಿ. ನಡುವೆ ನಿಲ್ಲುತ್ತಿದ್ದರೆ ಆರೋಗ್ಯ ಕೇಂದ್ರಕ್ಕೆ ಅವರೊಡನೆ ನೀವೂ ಬಂದು ಹೇಳಿ. ಬಾಂಧವರೇ, ಹಗಲು ಕಣ್ಣು ಎಳೆಯುತ್ತಿದ್ದರೆ ಚಿಕಿತ್ಸೆಯಾಗುವವರೆಗೆ ಟ್ರ್ಯಾಕ್ಟರಿನ ಚಕ್ರ ಹಿಡಿಯಬೇಡಿ. ದಾರಿಯಲ್ಲಿ ಎದುರು ಬರುವವರೂ ನಮ್ಮವರೇ.