ಸುಂಕದ ಕಟ್ಟೆ ಎತ್ತಿದಾಗ: ಗರ್ನ್ಸಿ ದ್ವೀಪದ ಟೊಮೇಟೊ ಬೆಳೆಗಾರರ ಕಥೆ



ಸಂತೆಯ ದಾರಿಯಲ್ಲಿ ಒಂದು ಸುಂಕದ ಕಟ್ಟೆ ಇದೆ ಅಂತ ಇಟ್ಟುಕೊಳ್ಳಿ. ನಿಮ್ಮ ಗಾಡಿಯನ್ನು ಅಲ್ಲಿ ತಡೆಯುವುದಿಲ್ಲ; ಪರವೂರಿನವರ ಗಾಡಿಗೆ ಮಾತ್ರ ಸುಂಕ. ಒಂದು ದಿನ ಆ ಕಟ್ಟೆಯನ್ನೇ ಎತ್ತಿಬಿಟ್ಟರು. ನಿಮ್ಮಿಂದ ಒಂದು ಕಾಸೂ ಹೆಚ್ಚಿಗೆ ಕೇಳಲಿಲ್ಲ. ಆದರೂ ನಿಮ್ಮ ಮಾಲಿನ ಧಾರಣೆ ಬಿತ್ತು. ಯಾಕೆ? ಇದು ಒಗಟಲ್ಲ, ಗರ್ನ್ಸಿ ಎಂಬ ದ್ವೀಪದ ಬೆಳೆಗಾರರು ನಿಜವಾಗಿ ಪಟ್ಟ ಪಾಡು.

ಗರ್ನ್ಸಿ ಇರುವುದು ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವಿನ ಕಡಲಲ್ಲಿ. ವಿಸ್ತೀರ್ಣ ಸುಮಾರು ೨೫ ಚದರ ಮೈಲಿ. ಅದು ಬ್ರಿಟಿಷ್ ಅರಸೊತ್ತಿಗೆಯ ಅಧೀನ ಪ್ರದೇಶ. ಮನೆವಾರ್ತೆಗೆ ತನ್ನದೇ ಶಾಸನಸಭೆ ಉಂಟು; ಹೊರದೇಶಗಳ ವ್ಯವಹಾರವೆಲ್ಲ ಲಂಡನ್ನಿನದು. ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಅದಕ್ಕೆ ಒಬ್ಬ ಸದಸ್ಯನೂ ಇಲ್ಲ.

ಅಲ್ಲಿನವರು ಮೊದಲು ಗಾಜಿನ ಮನೆ ಕಟ್ಟಿ ದ್ರಾಕ್ಷಿ ಬೆಳೆದರು, ಆಮೇಲೆ ಟೊಮೇಟೊ ಹಿಡಿದರು. ಬಾಯ್ಲರು ಉರಿಸಿ ಗಾಜಿನ ಮನೆಯನ್ನು ಬೆಚ್ಚಗಿಟ್ಟು, ಹಣ್ಣನ್ನು ಪೆಟ್ಟಿಗೆಗೆ ತುಂಬಿ, ಹಡಗಿನಲ್ಲಿ ಇಂಗ್ಲೆಂಡಿಗೆ ಕಳಿಸುತ್ತಿದ್ದರು. ಅವರ ಹಣ್ಣಿಗೆ ಅಲ್ಲಿ ಸುಂಕವಿಲ್ಲ. ಹಾಲೆಂಡಿನ ಹಣ್ಣಿಗೆ ಸುಗ್ಗಿಯ ಕಾಲದಲ್ಲಿ ಸುಂಕ. ಈ ಅಂತರವೇ ದ್ವೀಪದವರಿಗೆ ಬೇಲಿಯಾಗಿತ್ತು.

೧೯೭೩ರ ಜನವರಿ ೧ರಂದು ಬ್ರಿಟನ್ ಐರೋಪ್ಯ ಆರ್ಥಿಕ ಸಮುದಾಯ ಸೇರಿತು. ದ್ವೀಪಗಳಿಗಾಗಿ ಒಪ್ಪಂದದಲ್ಲಿ ಒಂದು ಪ್ರತ್ಯೇಕ ಅನುಬಂಧ ಬರೆದರು: ಅವುಗಳ ಮಾಲು ಮೊದಲಿನಂತೆ ಸುಂಕವಿಲ್ಲದೆ ಹೋಗಬಹುದು. ಕೇಳಲಿಕ್ಕೆ ಚೆನ್ನಾಗಿದೆ, ಅಲ್ಲವೇ? ಆದರೆ ಹಾಲೆಂಡಿನ ಹಣ್ಣಿನ ಮೇಲಿನ ಸುಂಕವೂ ಹಂತಹಂತವಾಗಿ ಇಳಿದು, ೧೯೭೭ರ ಕೊನೆಗೆ ಪೂರ್ತಿ ಹೋಯಿತು. ಗರ್ನ್ಸಿಯ ಬಾಗಿಲು ಮುಚ್ಚಲಿಲ್ಲ. ಎದುರಾಳಿಯ ಬಾಗಿಲು ತೆರೆಯಿತು.

ಅದೇ ಹೊತ್ತಿಗೆ, ೧೯೭೩ರಲ್ಲೂ ೧೯೭೯ರಲ್ಲೂ, ಎಣ್ಣೆಯ ಬೆಲೆ ವಿಪರೀತ ಏರಿತು. ದ್ವೀಪದವರು ಬಾಯ್ಲರಿನ ಎಣ್ಣೆಯನ್ನು ಹಡಗಿನಲ್ಲಿ ತರಿಸಬೇಕು, ಹಣ್ಣನ್ನೂ ಹಡಗಿನಲ್ಲೇ ಕಳಿಸಬೇಕು. ಹಾಲೆಂಡಿನವರಿಗೆ ತಮ್ಮ ನೆಲದಲ್ಲೇ ಅನಿಲ ಸಿಕ್ಕಿತ್ತು. ಗಾಜಿನ ಮನೆಗಳಿಗೆ ಅದನ್ನು ಅಗ್ಗದ ದರದಲ್ಲಿ ಕೊಡುತ್ತಿದ್ದರು. ಆ ಅಗ್ಗದ ದರ ಸರ್ಕಾರಿ ನೆರವೇ ಸರಿ, ಅದು ಸಲ್ಲದು ಎಂಬ ತೀರ್ಮಾನವನ್ನು ಐರೋಪ್ಯ ನ್ಯಾಯಾಲಯ ಎತ್ತಿಹಿಡಿದದ್ದು ೧೯೮೮ರಲ್ಲಿ. ಅಷ್ಟರಲ್ಲಿ ಗರ್ನ್ಸಿಯ ಟೊಮೇಟೊ ರಫ್ತು ನೆಲ ಕಚ್ಚಿತ್ತು. ಸಮುದಾಯದ ನಿಧಿಯಿಂದ ದ್ವೀಪಕ್ಕೆ ನೆರವೂ ಇರಲಿಲ್ಲ. ಕೆಲವರು ಹೂವಿನ ಬೆಳೆಗೆ ತಿರುಗಿದರು. ಎಷ್ಟೋ ಗಾಜಿನ ಮನೆಗಳು ಪಾಳುಬಿದ್ದವು. ಕಾಲಕ್ರಮದಲ್ಲಿ ಬ್ಯಾಂಕು, ವಿಮೆ ಮುಂತಾದ ಹಣಕಾಸಿನ ವ್ಯವಹಾರವೇ ದ್ವೀಪದ ಮುಖ್ಯ ಜೀವನಾಧಾರವಾಯಿತು.

ಸುಂಕವೊಂದೇ ಇದಕ್ಕೆಲ್ಲ ಕಾರಣ ಅನ್ನಲಾಗದು. ಎಣ್ಣೆಯ ಪೆಟ್ಟೂ ದೊಡ್ಡದೇ. ಆದರೆ ಬೇಲಿ ಇದ್ದಾಗ ತಡೆಯಬಹುದಾಗಿದ್ದ ಪೆಟ್ಟು, ಬೇಲಿ ಹೋದ ಮೇಲೆ ಬುಡಕ್ಕೇ ಬಿತ್ತು.

ನಮ್ಮ ಕೊಡಗಿನ ಕರಿಮೆಣಸಿನ ಬೆಳೆಗಾರರಿಗೆ ಈ ಕಥೆ ತೀರ ಅಪರಿಚಿತವಲ್ಲ. ಶ್ರೀಲಂಕಾದೊಡನೆ ೨೦೦೦ದಲ್ಲಿ ಜಾರಿಗೆ ಬಂದ ಒಪ್ಪಂದದ ದಾರಿಯಲ್ಲಿ ಬರುವ ಮೆಣಸಿನ ಬಗ್ಗೆ ಅವರೂ ದೂರಿದರು. ೨೦೧೭ರ ಡಿಸೆಂಬರಿನಲ್ಲಿ ಭಾರತ ಸರ್ಕಾರ ಆಮದು ಮೆಣಸಿಗೆ ಕಿಲೋಗೆ ೫೦೦ ರೂಪಾಯಿ ಕನಿಷ್ಠ ಬೆಲೆ ಗೊತ್ತುಮಾಡಿತು. ದೂರು ಕೇಳುವ ಸರ್ಕಾರ ನಮ್ಮದೇ ಆಗಿತ್ತು. ಗರ್ನ್ಸಿಯವರ ಪಾಲಿಗೆ ಒಪ್ಪಂದದ ಮೇಜಿನಲ್ಲಿ ಕೂತಿದ್ದವರು ಬೇರೆಯವರು.

ಆದ್ದರಿಂದ, ಒಪ್ಪಂದದ ಸುದ್ದಿ ಕಿವಿಗೆ ಬಿದ್ದಾಗ “ನಮ್ಮ ಮಾಲಿಗೆ ಸುಂಕ ಉಂಟೇ?” ಅಂತ ಕೇಳಿದರೆ ಸಾಲದು. “ಇನ್ನು ಯಾರ ಮಾಲಿಗೆ ಸುಂಕ ಹೋಯಿತು? ಅವರ ಖರ್ಚೆಷ್ಟು, ನಮ್ಮ ಖರ್ಚೆಷ್ಟು?” ಇದನ್ನೂ ಕೇಳಿ. ಬೀಜ ನಾಟುವ ಮೊದಲೇ ಕೇಳಿ.