ರೋಗಿಗಳ ಅಭ್ಯಂಗ ‘ಕೊನೆಯ ಸಂಸ್ಕಾರ’ವೇ?

(ಉಪನ್ಯಾಸವೊಂದರ ಬರಹ ರೂಪ)



ಕೆಥೊಲಿಕ ಕ್ರೈಸ್ತರ ಮನೆಯೊಂದರಲ್ಲಿ ಹಿರಿಯರೊಬ್ಬರು ತಿಂಗಳಿಂದ ಹಾಸಿಗೆ ಹಿಡಿದಿದ್ದಾರೆ ಎಂದು ಭಾವಿಸಿ. ವೈದ್ಯರು ಬಂದು ಹೋಗುತ್ತಿದ್ದಾರೆ. ನೆಂಟರಿಷ್ಟರು ಹಣ್ಣು ಹಿಡಿದು ನೋಡಲು ಬರುತ್ತಿದ್ದಾರೆ. ಆದರೆ ‘ಗುರುಗಳನ್ನು ಕರೆಸೋಣವೇ?’ ಎಂದು ಯಾರಾದರೂ ಮೆಲ್ಲನೆ ಕೇಳಿದರೆ ಮನೆಯವರ ಮುಖ ಕಪ್ಪಿಡುತ್ತದೆ. ‘ಈಗಲೇ ಬೇಡ, ಅಪ್ಪ ಹೆದರಿಕೊಂಡಾರು’ ಎನ್ನುತ್ತಾರೆ. ಕೊನೆಗೆ ಗುರುಗಳು ಬಂದಾಗ ರೋಗಿಗೆ ಪ್ರಜ್ಞೆ ಇರುವುದಿಲ್ಲ. ಯಾರಿಗಾಗಿ ಪ್ರಾರ್ಥನೆ ನಡೆಯಿತೋ ಅವರೊಬ್ಬರಿಗೇ ಅದು ಕೇಳಿಸದೆ ಹೋಗುತ್ತದೆ.

ಪ್ರೀತಿಯಿಂದಲೇ ಆಗುವ ಈ ವಿಳಂಬದ ಹಿಂದೆ ಒಂದು ಹಳೆಯ ತಪ್ಪು ತಿಳಿವಳಿಕೆ ಇದೆ. ಧರ್ಮಸಭೆಯ ಏಳು ಸಂಸ್ಕಾರಗಳಲ್ಲಿ ಒಂದಾದ ರೋಗಿಗಳ ಅಭ್ಯಂಗವು ಸಾಯುವವರಿಗೆ ಮಾತ್ರ ಮೀಸಲು ಎಂಬುದೇ ಆ ತಿಳಿವಳಿಕೆ. ದೀಕ್ಷಾಸ್ನಾನ, ದೃಢೀಕರಣ, ಪರಮಪ್ರಸಾದ, ಪಾಪನಿವೇದನೆ, ಗುರುದೀಕ್ಷೆ, ವಿವಾಹ ಇವು ಉಳಿದ ಆರು. ಇವುಗಳಲ್ಲಿ ಯಾವುದಕ್ಕೂ ಅಂಜದ ವಿಶ್ವಾಸಿಗಳು ಅಭ್ಯಂಗಕ್ಕೆ ಮಾತ್ರ ಏಕೆ ಅಂಜುತ್ತಾರೆ?

ಎಣ್ಣೆಯಿಂದಲೇ ಆರಂಭಿಸಬಹುದು. ದೀಪಾವಳಿಯ ಅಭ್ಯಂಗ ಸ್ನಾನ, ಎಳೆಗೂಸಿಗೆ ಎಣ್ಣೆ ತಿಕ್ಕುವುದು, ಬಾಣಂತಿಯ ಎಣ್ಣೆನೀರು ಇವೆಲ್ಲ ಕನ್ನಡಿಗರಿಗೆ ಗೊತ್ತಿರುವುದೇ. ಎಣ್ಣೆ ಎಂದರೆ ಮೈಗೆ ಕಸುವು, ನೋವಿಗೆ ಶಮನ. ಏಸುಕ್ರಿಸ್ತರು ಬಾಳಿದ ನಾಡಿನಲ್ಲೂ ಹಾಗೆಯೇ ಇತ್ತು. ಸಂತ ಲೂಕರ ಶುಭಸಂದೇಶದ ದಯಾಳು ಸಮಾರಿಯದವನು ದಾರಿಯಲ್ಲಿ ಬಿದ್ದಿದ್ದ ಗಾಯಾಳುವಿನ ಗಾಯಗಳಿಗೆ ಎಣ್ಣೆ ಮತ್ತು ದ್ರಾಕ್ಷಾರಸ ಹಾಕಿ ಕಟ್ಟಿದ. ಹನ್ನೆರಡು ಮಂದಿ ಪ್ರೇಷಿತರು ರೋಗಿಗಳಿಗೆ ಎಣ್ಣೆ ಹಚ್ಚಿ ಗುಣಪಡಿಸುತ್ತಿದ್ದರು ಎಂದು ಸಂತ ಮಾರ್ಕರು ಬರೆದಿದ್ದಾರೆ.

ಈ ಸಂಸ್ಕಾರದ ಮುಖ್ಯ ಆಧಾರ ಸಂತ ಯಕೋಬರ ಪತ್ರದ ಐದನೇ ಅಧ್ಯಾಯದಲ್ಲಿದೆ. ಕಾಯಿಲೆ ಬಿದ್ದವನು ಸಭೆಯ ಹಿರಿಯರನ್ನು ಕರೆಸಲಿ, ಅವರು ಪ್ರಭುವಿನ ಹೆಸರಿನಲ್ಲಿ ಎಣ್ಣೆ ಹಚ್ಚಿ ಪ್ರಾರ್ಥಿಸಲಿ ಎಂಬುದು ಅಲ್ಲಿನ ಮಾತಿನ ಸಾರ. ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಕರೆಸುವವನು ರೋಗಿಯೇ, ಅಂದರೆ ಅವನಿಗೆ ಪ್ರಜ್ಞೆ ಇದೆ, ಮಾತನಾಡುವ ಶಕ್ತಿ ಇದೆ. ಅಲ್ಲದೆ ಪ್ರಭು ಅವನನ್ನು ‘ಎಬ್ಬಿಸುವರು’ ಎಂಬ ಭರವಸೆಯೂ ಅಲ್ಲಿದೆ. ಸಾವಿನ ಸಿದ್ಧತೆಯ ಮಾತಿಗಿಂತ ಬದುಕಿನ ಮಾತೇ ಅಲ್ಲಿ ಎದ್ದು ಕಾಣುತ್ತದೆ.

ಮೊದಲ ಶತಮಾನಗಳಲ್ಲಿ ಈ ಅರ್ಥವೇ ಉಳಿದಿತ್ತು. ಧರ್ಮಾಧ್ಯಕ್ಷರು ಹರಸಿದ ಎಣ್ಣೆಯನ್ನು ರೋಗಿಗಳಿಗಾಗಿ ಸಾಮಾನ್ಯ ವಿಶ್ವಾಸಿಗಳೂ ಬಳಸಬಹುದು ಎಂಬ ಮಾತು ಪೋಪ್ ಒಂದನೇ ಇನೊಸೆಂಟರು ಕ್ರಿ.ಶ. 416ರಲ್ಲಿ ಬರೆದ ಪತ್ರದಲ್ಲಿದೆ. ಬದಲಾವಣೆ ಬಂದದ್ದು ಬಳಿಕ. ಆಗಿನ ಕಾಲದಲ್ಲಿ ಘೋರ ಪಾಪಗಳಿಗೆ ವಿಧಿಸುತ್ತಿದ್ದ ಪ್ರಾಯಶ್ಚಿತ್ತ ಬಲು ಕಠಿಣವಾಗಿತ್ತು. ಜೀವನದಲ್ಲಿ ಒಮ್ಮೆ ಮಾತ್ರ ದೊರೆಯುತ್ತಿದ್ದ ಅದನ್ನು ಜನ ಮರಣಶಯ್ಯೆಯವರೆಗೆ ಮುಂದೂಡತೊಡಗಿದರು. ಪಾಪಕ್ಷಮೆ ಪಡೆದ ಮೇಲೆಯೇ ಅಭ್ಯಂಗ ಎಂಬ ಕ್ರಮವಿದ್ದುದರಿಂದ ಅಭ್ಯಂಗವೂ ಅದರೊಂದಿಗೆ ಮರಣಶಯ್ಯೆಗೆ ಹೋಯಿತು. ಹನ್ನೆರಡನೇ ಶತಮಾನದ ಹೊತ್ತಿಗೆ ಅದಕ್ಕೆ ‘ಅಂತಿಮ ಅಭ್ಯಂಗ’ ಎಂಬ ಹೆಸರೇ ಬಿದ್ದಿತ್ತು.

ಹೆಸರಿನ ಜತೆಗೆ ಮೂಢನಂಬಿಕೆಗಳೂ ಬೆಳೆದವು. ಅಭ್ಯಂಗ ಪಡೆದು ಬದುಕುಳಿದವನು ಮತ್ತೆ ಮಾಂಸ ತಿನ್ನಬಾರದು, ಬರಿಗಾಲಲ್ಲಿ ನಡೆಯಬಾರದು, ದಾಂಪತ್ಯ ನಡೆಸಬಾರದು ಎಂದು ಮಧ್ಯಯುಗದ ಯೂರೋಪಿನ ಜನ ನಂಬಿದ್ದರು. ಅಂಥವನು ಬದುಕಿದ್ದೂ ಸತ್ತಂತೆ! ಹೀಗಿರುವಾಗ ಅಭ್ಯಂಗಕ್ಕೆ ಯಾರು ತಾನೇ ಮುಂದೆ ಬಂದಾರು? ಈ ನಂಬಿಕೆ ತಪ್ಪೆಂದು ಅಂದಿನ ಧರ್ಮಾಧ್ಯಕ್ಷರ ಸಭೆಗಳೇ ಸಾರಬೇಕಾಯಿತು.

1551ರಲ್ಲಿ ಟ್ರೆಂಟ್ ಮಹಾಸಭೆ ಈ ಸಂಸ್ಕಾರದ ಬಗ್ಗೆ ನಿರ್ಣಯ ಕೈಗೊಂಡಾಗ ಒಂದೇ ಒಂದು ಪದ ಬಹಳ ಮಹತ್ವ ಪಡೆಯಿತು. ಸಾವಿನ ಅಂಚಿನಲ್ಲಿರುವವರಿಗೆ ‘ಮಾತ್ರ’ ಎಂದು ಕರಡಿನಲ್ಲಿದ್ದುದನ್ನು ತಿದ್ದಿ, ರೋಗಿಗಳಿಗೆ, ‘ವಿಶೇಷವಾಗಿ’ ಸಾವಿನ ಅಂಚಿನಲ್ಲಿರುವವರಿಗೆ ಎಂಬ ಅರ್ಥ ಬರುವಂತೆ ಮಾಡಲಾಯಿತು. ಬಾಗಿಲು ಪೂರ್ತಿ ಮುಚ್ಚಲಿಲ್ಲ. ಆದರೆ ರೂಢಿ ಮಾತ್ರ ಇನ್ನೂ ನಾಲ್ಕು ಶತಮಾನ ಹಾಗೆಯೇ ನಡೆಯಿತು.

ಆ ಬಾಗಿಲನ್ನು ಅಗಲವಾಗಿ ತೆರೆದದ್ದು ಎರಡನೇ ವ್ಯಾಟಿಕನ್ ಮಹಾಸಭೆ. ‘ಅಂತಿಮ ಅಭ್ಯಂಗ’ ಎನ್ನುವುದಕ್ಕಿಂತ ‘ರೋಗಿಗಳ ಅಭ್ಯಂಗ’ ಎನ್ನುವುದೇ ಸೂಕ್ತ ಎಂದು ಅದು 1963ರ ಡಿಸೆಂಬರ್‌ನಲ್ಲಿ ಹೇಳಿತು. ಕಾಯಿಲೆಯಿಂದಲೋ ವೃದ್ಧಾಪ್ಯದಿಂದಲೋ ಪ್ರಾಣಾಪಾಯದ ಸೂಚನೆ ಕಾಣತೊಡಗಿದಾಗಲೇ ಇದಕ್ಕೆ ತಕ್ಕ ಸಮಯ ಬಂದಿದೆ ಎಂದೂ ತಿಳಿಸಿತು. 1972ರಲ್ಲಿ ಪೋಪ್ ಆರನೇ ಪೌಲರು ಹೊಸ ವಿಧಿಯನ್ನು ಅಂಗೀಕರಿಸಿದರು. ಹಿಂದೆ ಕಣ್ಣು, ಕಿವಿ, ಮೂಗು, ತುಟಿ, ಕೈ, ಕಾಲುಗಳಿಗೆ ಹಚ್ಚುತ್ತಿದ್ದ ಎಣ್ಣೆಯನ್ನು ಈಗ ಹಣೆಗೆ ಮತ್ತು ಕೈಗಳಿಗೆ ಹಚ್ಚಿದರೆ ಸಾಕು. ಆಲಿವ್ ಎಣ್ಣೆಯೇ ಆಗಬೇಕೆಂಬ ಕಟ್ಟು ಸಡಿಲಗೊಂಡು, ಅದು ಸಿಗದ ಕಡೆ ಬೇರೆ ಸಸ್ಯಜನ್ಯ ಎಣ್ಣೆಗೂ ಅನುಮತಿ ದೊರೆಯಿತು. ಅಂದರೆ ತೆಂಗಿನೆಣ್ಣೆಗೂ ಅಡ್ಡಿಯಿಲ್ಲ.

ಹಾಗಾದರೆ ಇದನ್ನು ಯಾರು ಪಡೆಯಬಹುದು? ಗಂಭೀರ ಕಾಯಿಲೆಯವರು, ಅಂಥ ಕಾಯಿಲೆಗಾಗಿ ಶಸ್ತ್ರಚಿಕಿತ್ಸೆಗೆ ಹೊರಟವರು, ಬೇರೆ ರೋಗವಿಲ್ಲದಿದ್ದರೂ ವಯಸ್ಸಿನಿಂದ ತೀರಾ ಕುಗ್ಗಿದವರು, ಈ ಸಂಸ್ಕಾರದಿಂದ ಧೈರ್ಯ ಪಡೆಯುವಷ್ಟು ತಿಳಿವಳಿಕೆ ಬಂದ ಮಕ್ಕಳು. ಜೀವನದಲ್ಲಿ ಒಮ್ಮೆ ಮಾತ್ರ ಎಂಬ ನಿಯಮವೂ ಇಲ್ಲ. ಗುಣವಾಗಿ ಮತ್ತೆ ಕಾಯಿಲೆ ಬಿದ್ದರೆ, ಅಥವಾ ಅದೇ ಕಾಯಿಲೆ ಉಲ್ಬಣಿಸಿದರೆ ಮತ್ತೆ ಪಡೆಯಬಹುದು. ಪ್ರಜ್ಞೆ ತಪ್ಪಿದವರಿಗೂ, ಎಚ್ಚರವಿದ್ದಿದ್ದರೆ ಅವರು ಕೇಳುತ್ತಿದ್ದರು ಎಂದು ತೋರಿದರೆ, ಕೊಡಲು ಅಡ್ಡಿಯಿಲ್ಲ. ಆದರೆ ಸತ್ತವರಿಗೆ ಅಭ್ಯಂಗವಿಲ್ಲ, ಪ್ರಾರ್ಥನೆ ಮಾತ್ರ. ಇದನ್ನು ನೀಡುವ ಅಧಿಕಾರ ಗುರುಗಳಿಗೆ ಮತ್ತು ಧರ್ಮಾಧ್ಯಕ್ಷರಿಗೆ ಮಾತ್ರ ಇದೆ.

ವಿಧಿ ಸರಳವಾದುದು. ಹಾಸಿಗೆಯ ಪಕ್ಕದಲ್ಲಿ ಬಿಳಿ ಬಟ್ಟೆ ಹಾಸಿದ ಪುಟ್ಟ ಮೇಜು, ಅದರ ಮೇಲೆ ಶಿಲುಬೆ, ಮೇಣದ ಬತ್ತಿ ಇಟ್ಟರಾಯಿತು. ರೋಗಿ ಬಯಸಿದರೆ ಮೊದಲು ಪಾಪನಿವೇದನೆ. ಆಗ ಮನೆಯವರು ಹೊರಗಿರುತ್ತಾರೆ. ಬಳಿಕ ಎಲ್ಲರೂ ಕೂಡಿ ಪ್ರಾರ್ಥಿಸುತ್ತಾರೆ. ಗುರುಗಳು ಮೌನವಾಗಿ ರೋಗಿಯ ತಲೆಯ ಮೇಲೆ ಕೈಯಿರಿಸಿ, ನಂತರ ಎಣ್ಣೆ ಹಚ್ಚುತ್ತಾರೆ. ಕಡೆಗೆ ಪರಮಪ್ರಸಾದ ನೀಡುತ್ತಾರೆ.

ಹಾಗಾದರೆ ನಿಜವಾದ ‘ಕೊನೆಯ ಸಂಸ್ಕಾರ’ ಯಾವುದು? ಅದು ಸಾಯುವವರು ಸ್ವೀಕರಿಸುವ ಪರಮಪ್ರಸಾದ. ಲ್ಯಾಟಿನ್ ಭಾಷೆಯಲ್ಲಿ ಅದಕ್ಕೆ ‘ವಿಯಾತಿಕುಂ’ ಎನ್ನುತ್ತಾರೆ. ಅಚ್ಚ ಕನ್ನಡದಲ್ಲಿ ಹೇಳುವುದಾದರೆ ದಾರಿಯ ಬುತ್ತಿ. ಅಭ್ಯಂಗ ರೋಗಿಗೆ, ಬುತ್ತಿ ಪ್ರಯಾಣಿಕನಿಗೆ. ಈ ಭೇದ ಮನಸ್ಸಿಗೆ ಬಂದರೆ ಅರ್ಧ ಭಯ ನೀಗುತ್ತದೆ.

ಅಭ್ಯಂಗ ಪಡೆದರೆ ಕಾಯಿಲೆ ವಾಸಿಯಾಗುತ್ತದೆಯೇ? ಧರ್ಮಸಭೆ ಅಂಥ ಖಾತರಿ ಕೊಡುವುದಿಲ್ಲ. ರೋಗಿಯ ಆತ್ಮದ ಹಿತಕ್ಕೆ ಅನುಕೂಲವಾದರೆ ದೇವರು ದೇಹಕ್ಕೂ ಆರೋಗ್ಯ ನೀಡಬಹುದು ಎನ್ನುತ್ತದೆ. ಧೈರ್ಯ, ಶಾಂತಿ, ಪಾಪಕ್ಷಮೆ, ತನ್ನ ನೋವಿನಲ್ಲಿ ತಾನು ಒಂಟಿಯಲ್ಲ ಎಂಬ ಭರವಸೆ ಇವು ಅದರ ಫಲ. ಔಷಧಿ ಬಿಟ್ಟು ಎಣ್ಣೆ ನೆಚ್ಚಿಕೊಳ್ಳಿ ಎಂದು ಅದು ಎಂದೂ ಬೋಧಿಸುವುದಿಲ್ಲ. ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಹೋಮಿಯೋಪತಿ ಔಷಧಾಲಯ ತೆರೆದ ಫಾದರ್ ಮುಲ್ಲರ್ ಜೆಸ್ವಿಟ್ ಗುರುಗಳಾಗಿದ್ದರು. ಅವರು ಕಟ್ಟಿದ ಸಂಸ್ಥೆ ಇಂದು ದೊಡ್ಡ ಆಸ್ಪತ್ರೆ. ಪ್ರಾರ್ಥನೆಗೂ ಚಿಕಿತ್ಸೆಗೂ ಜಗಳವಿಲ್ಲ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ.

ರೋಗಿಗಳ ಪಾಲಕ ಸಂತರೆನಿಸಿದ ಕ್ಯಾಮಿಲ್ಲಸರ ಬದುಕೂ ಇದನ್ನೇ ಹೇಳುತ್ತದೆ. 1550ರಲ್ಲಿ ಇಟಲಿಯಲ್ಲಿ ಹುಟ್ಟಿದ ಅವರು ಮೊದಲು ಸೈನಿಕ, ಜೂಜುಕೋರ. ಕಾಲಿನ ಮಾಯದ ಹುಣ್ಣು ಅವರನ್ನು ರೋಮಿನ ಆಸ್ಪತ್ರೆಗೆ ತಂದಿತು. ಅಲ್ಲಿ ರೋಗಿಗಳ ಅವಸ್ಥೆಯನ್ನು ಕಣ್ಣಾರೆ ಕಂಡು, ಅವರ ಆರೈಕೆಗಾಗಿಯೇ ಗುರುಗಳ ಸಂಘವನ್ನು ಕಟ್ಟಿದರು. ಪ್ರಾಣಕ್ಕೆ ಅಪಾಯವಿದ್ದರೂ ರೋಗಿಗಳ ಸೇವೆ ಬಿಡೆವು ಎಂಬುದು ಆ ಸಂಘದವರ ವಿಶೇಷ ವ್ರತ. 1614ರಲ್ಲಿ ತೀರಿಕೊಳ್ಳುವವರೆಗೂ ಅವರ ಕಾಲಿನ ಹುಣ್ಣು ಮಾಯಲಿಲ್ಲ. ತಾನು ಗುಣವಾಗದಿದ್ದರೂ ಇನ್ನೊಬ್ಬರ ಹಾಸಿಗೆಯ ಬಳಿ ನಿಂತವರು ಅವರು.

2020ರ ಕೊರೋನಾ ದಿನಗಳಲ್ಲಿ ಎಷ್ಟೋ ರೋಗಿಗಳ ಬಳಿಗೆ ಗುರುಗಳೂ ಹೋಗಲಾಗಲಿಲ್ಲ, ಮಕ್ಕಳೂ ಹೋಗಲಾಗಲಿಲ್ಲ. ಅಭ್ಯಂಗ ದೊರೆಯದೆ ಹೋದವರನ್ನು ದೇವರ ಕರುಣೆಗೆ ಒಪ್ಪಿಸುವುದಾಗಿ ವ್ಯಾಟಿಕನ್ ಆ ಮಾರ್ಚ್ ತಿಂಗಳಲ್ಲಿ ತಿಳಿಸಿತು. ಅಂದು ಬಾಗಿಲು ಮುಚ್ಚಿದ್ದು ಸೋಂಕು. ಇಂದು ಅದನ್ನು ಮುಚ್ಚುತ್ತಿರುವುದು ಬರೀ ಅಂಜಿಕೆ.

ಮನೆಯಲ್ಲಿ ಯಾರಾದರೂ ಗಂಭೀರ ಕಾಯಿಲೆ ಬಿದ್ದರೆ ಅವರ ಬೆನ್ನ ಹಿಂದೆ ಪಿಸುಗುಟ್ಟುವ ಬದಲು ಅವರನ್ನೇ ಕೇಳುವುದು ಒಳ್ಳೆಯದು. ‘ಅಪ್ಪಾ, ಗುರುಗಳನ್ನು ಬರಹೇಳಲೇ?’ ಎಂದರೆ ಅಪ್ಪ ಹೆದರುತ್ತಾರೆ ಎಂದೇ ಏಕೆ ಭಾವಿಸಬೇಕು? ಅವರು ಆ ಮಾತಿಗಾಗಿಯೇ ಕಾದಿರಲೂಬಹುದು.